ಹಳ್ಳದಾಚೆಯ ಬಡಿತ

ಚಹಾದ ಲೋಟ ಕೈಗೆ ಬರುವ ಮೊದಲೇ ಬಲಗೈ ಬೆರಳುಗಳು ಶುರು ಹಚ್ಚಿಕೊಂಡಿದ್ದವು. ಅಮರಪ್ಪ ಅವನ್ನು ತೊಡೆಯ ಕೆಳಗೆ ತುರುಕಿ ಅವುಗಳ ಮೇಲೆಯೇ ಕೂತ. ಅಲ್ಲಿಯೂ ಅವು ಸುಮ್ಮನಿರಲಿಲ್ಲ. ಎರಡು ಉದ್ದನೆಯ ಪೆಟ್ಟು, ಮೂರು ಗಿಡ್ಡ, ನಡುವೆ ಒಂದು ಖಾಲಿ ಜಾಗ, ಮತ್ತೆ ಎರಡು ಉದ್ದ. ಆ ಖಾಲಿ ಜಾಗವೇ ಮಹಾ ಮೋಸದ್ದು. ಪ್ರತಿಸಲವೂ ಇನ್ನು ನಿಂತಿತು ಅನ್ನಿಸಿ ಜೀವ ಹಗುರಾಗುವಷ್ಟರಲ್ಲಿ ಮತ್ತೆ ಹಿಡಿದುಕೊಳ್ಳುತ್ತಿತ್ತು. ಹೆಣ ಹೊರಟಾಗ ಅದರ ಮುಂದೆ ಚರ್ಮದ ಹಲಗೆ ಬಾರಿಸುವವರ ಬಡಿತ ಅದು. ಹುಟ್ಟಿದ ಕೇರಿಯಲ್ಲಿ ಕೂಸುಗಳಿಗೂ ಗೊತ್ತಿದ್ದ ಬಡಿತ. ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಈ ಕ್ವಾರ್ಟರ್ಸಿನಲ್ಲಿ, ಬುದ್ಧನ ಫೋಟೊ, ಬಾಬಾಸಾಹೇಬರ ಫೋಟೊ ತೂಗುಹಾಕಿ, ಟಿ.ವಿ.ಗೆ ಕಸೂತಿ ಬಟ್ಟೆ ಹೊದಿಸಿದ ಈ ಮನೆಯಲ್ಲಿ ಅದಕ್ಕೇನು ಕೆಲಸ? ಬೆರಳುಗಳಿಗೆ ಫೋಟೊಗಳ ಮುಲಾಜೂ ಇರಲಿಲ್ಲ.

“ಲಗೂ ಜಳಕ ಮಾಡ್ರಿ, ಬಸ್ಸು ತಪ್ತದ,” ಎಂದಳು ಕರೆಮ್ಮ. ಹೆಂಡತಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆಚ್ಚು ನಾಚಿಕೆ ತಂದದ್ದು. “ಆ ಯಾದಗಿರಿ ಡಾಕ್ಟರಗ ಇದೊಂದು ಹೇಳ್ರಿ. ರಾತ್ರಿ ನಿದ್ದ್ಯಾಗ ನನ್ನ ಬೆನ್ನ ಮ್ಯಾಲ ಬಾರಸ್ತೀರಿ. ನಾನಾ ಹೆಣ ಆಗಿ ಹೊಂಟಂಗ ಅನಸ್ತದ ನನಗ.”

ಹೇಳುತ್ತೇನೆ ಎಂದು ತಲೆಯಾಡಿಸಿದ, ಹೇಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ಡಾಕ್ಟರಿಗೆ ಹೇಳಿದ್ದು ಇಷ್ಟೇ: ನರದ ದೋಷ ಇರಬೇಕು, ಕಚೇರಿಯಲ್ಲಿ ಬರೆಯುವಾಗ ತೊಂದರೆ ಆಗುತ್ತದೆ. ಅದೇ ಮಾತನ್ನು, ನರದ ದೋಷ ಎಂಬ ಅದೇ ಎರಡು ಶಬ್ದಗಳನ್ನು, ಅವನು ಮೊದಲ ಸಲ ಆಡಿದ್ದು ಇದೇ ನಡುಕೋಣೆಯಲ್ಲಿ, ಅಪ್ಪನ ಮಂಚದ ಪಕ್ಕ ನಿಂತು. ಅಪ್ಪ ಚಂದ್ರಾಮಪ್ಪನಿಗೆ ಲಕ್ವಾ ಹೊಡೆದು ಮಾತು ಹೋಗಿತ್ತು, ಎಡಭಾಗ ಹೋಗಿತ್ತು, ಬಲಗೈ ಬೆರಳುಗಳು ಮಾತ್ರ ಉಳಿದಿದ್ದವು. ಅವು ಹಗಲೆಲ್ಲ ಮಂಚದ ಪಟ್ಟಿಯ ಮೇಲೆ ಆಡುತ್ತಿದ್ದವು. ಕಚೇರಿಯ ಸಾಹೇಬರು ಒಬ್ಬ ಗುತ್ತಿಗೆದಾರನನ್ನು ಜೊತೆಗೆ ಕರೆದುಕೊಂಡು ಮೋಸಂಬಿ ಹಿಡಿದು ನೋಡಲು ಬಂದರು. ಏನ್ರಿ ಅದು ಸಪ್ಪಳ, ಎಂದರು. ಅಮರಪ್ಪ ಅಪ್ಪನ ಕೈಮೇಲೆ ತನ್ನ ಕೈಯಿಟ್ಟು ಒತ್ತಿ ಹಿಡಿದ. ನರದ ದೋಷ ರೀ ಸಾಹೇಬ್ರ, ಎಂದ. ಅವರು ಚಹಾ ಕುಡಿದು, ಕಾಲುವೆಗೆ ನೀರು ಬಿಡುವ ವಿಷಯ ಮಾತಾಡಿ ಹೊರಡುವ ತನಕ ಒತ್ತಿಕೊಂಡೇ ನಿಂತಿದ್ದ. ಅಂಗೈ ಕೆಳಗೆ ಬೆರಳುಗಳು ಕೊಸರಾಡಿದವು, ಕೊಸರಾಡಿ ಸುಮ್ಮನಾದವು. ಅಪ್ಪ ಮಗನ ಮುಖ ನೋಡುತ್ತಿದ್ದ. ಆಮೇಲೆ ಕೈ ತೆಗೆದರೂ ಬೆರಳು ಮತ್ತೆ ಏಳಲಿಲ್ಲ. ಆ ವಾರವೇ ಅಪ್ಪ ಹೋದ. ಇನ್ನೊಂದು ಸಲ ಲಕ್ವಾ ಹೊಡೆದಿರಬೇಕು, ನಿಮ್ಮ ತಪ್ಪೇನೂ ಇಲ್ಲ ಎಂದು ಆಸ್ಪತ್ರೆಯವರು ಕೇಳದೆಯೇ ಹೇಳಿದ್ದರು, ಕೇಳದೆಯೇ ಯಾಕೆ ಹೇಳಿದರು ಎಂಬುದು ಅಮರಪ್ಪನಿಗೆ ಇನ್ನೊಂದು ಹುಳವಾಯಿತು.

ದುಃಖದ ರಜೆ ಮುಗಿಸಿ ಕಚೇರಿಗೆ ಹೋದ ದಿನವೇ ಅವನ ಬೆರಳು ಎದ್ದವು. ಟೇಬಲ್ಲಿನ ಗಾಜಿನ ಮೇಲೆ, ಕುರ್ಚಿಯ ಕೈಮೇಲೆ, ಊಟದ ಡಬ್ಬಿಯ ಮುಚ್ಚಳದ ಮೇಲೆ. ಬಿಲ್ಲಿಗೆ ಸಹಿ ಹಾಕಿಸಲು ಬಂದ ಅದೇ ಗುತ್ತಿಗೆದಾರ ಒಂದು ಗಳಿಗೆ ಕಿವಿಗೊಟ್ಟು ಕೇಳಿ, ಸುತ್ತಲಿನವರಿಗೆ ಕಣ್ಣು ಹೊಡೆದು, “ಅಮರಪ್ಪನವರ, ಹುಟ್ಟುಗುಣ ಸುಟ್ಟರೂ ಹೋಗಂಗಿಲ್ಲ ನೋಡ್ರಿ,” ಎಂದ. ಎಲ್ಲರೂ ನಕ್ಕರು. ಕೆಟ್ಟದ್ದೆಂದರೆ ಅಮರಪ್ಪನೂ ನಕ್ಕ. ನಕ್ಕು, ಹೌದ್ರಿ ಹೌದ್ರಿ ಎಂದ. ಮಧ್ಯಾಹ್ನ ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಂಡು ಬೆರಳುಗಳನ್ನು ಗೋಡೆಗೆ ಬಡಿದ. ಗೋಡೆಗೆ ಬಡಿದದ್ದೂ ಅದೇ ಲೆಕ್ಕದಲ್ಲಿ, ಎರಡು ಉದ್ದ, ಮೂರು ಗಿಡ್ಡ. ನಗು ಬಂತು, ಅಳುವೂ ಬಂತು, ಯಾವುದೂ ಪೂರ್ತಿ ಬರಲಿಲ್ಲ. ಈಗ ಅವನ ಎದುರಿನ ಕುರ್ಚಿಯವನು ಅವನಿದ್ದಾಗ ರೇಡಿಯೊ ಹಚ್ಚಿರುತ್ತಾನೆ, ಅದು ಉಪಕಾರವೋ ಅಪಮಾನವೋ ತಿಳಿಯದು.

ಬಸ್ಸು ಶಹಾಪುರ ದಾಟುವಾಗ ಗುಡ್ಡದ ಬುದ್ಧ ಎಂದಿನಂತೆ ಅಂಗಾತ ಮಲಗಿದ್ದ. ಹಣೆ, ಮೂಗು, ಗದ್ದ, ಎದೆ, ಎಲ್ಲ ಗುಡ್ಡದ ಸಾಲೇ. ಕಿಟಕಿಯ ಪಕ್ಕದವನು ಮೊಬೈಲು ಎತ್ತಿ ಫೋಟೊ ಹೊಡೆದ. ಹಾಸ್ಟೆಲಿನಲ್ಲಿದ್ದಾಗ ಅಮರಪ್ಪ ಈ ಗುಡ್ಡ ಕಂಡಾಗಲೆಲ್ಲ ಕೈ ಮುಗಿಯುತ್ತಿದ್ದ, ಎದೆ ಉಬ್ಬುತ್ತಿತ್ತು. ಕಲ್ಲಿನ ಎದೆ ಏಳುವುದೂ ಇಲ್ಲ ಇಳಿಯುವುದೂ ಇಲ್ಲ, ಎಂಥ ಪುಣ್ಯವಂತ, ಎಂದು ಇವತ್ತು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಮತ್ತೆ ತಪ್ಪು ಮಾಡಿದವನಂತೆ ಮುಖ ಈಚೆ ತಿರುಗಿಸಿದ. ಎದೆ ಉಬ್ಬುತ್ತಿದ್ದ ಆ ಕಾಲ ಸುಳ್ಳಲ್ಲ. ಸುರಪುರದ ಹಾಸ್ಟೆಲಿನಿಂದ ರಜೆಗೆ ಊರಿಗೆ ಬಂದಾಗ ಗೌಡರ ಮನೆಯಲ್ಲಿ ಹಿರಿಯರು ಸತ್ತಿದ್ದರು. ಅಪ್ಪ ಮತ್ತು ಅವನ ತಮ್ಮ ಅಂಬ್ರಪ್ಪ ಸಣ್ಣಪ್ಪ ಬೆಳಗಿನಿಂದ ಬಿಸಿಲಲ್ಲಿ ನಿಂತು ಬಾರಿಸಿ, ಸಂಜೆಗೆ ಹಿತ್ತಲ ಬಾಗಿಲಲ್ಲಿ ಮುತ್ತುಗದ ಎಲೆ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದರು. ಮೇಲಿನಿಂದ ಅನ್ನ ಬಿತ್ತು. ಸ್ವಲ್ಪ ಎಲೆಯ ಮೇಲೆ, ಸ್ವಲ್ಪ ಅಪ್ಪನ ಮೊಣಕಾಲ ಮೇಲೆ. ಅಪ್ಪ ಮೊಣಕಾಲ ಮೇಲಿನದನ್ನೂ ಆರಿಸಿ ತಿಂದ. ಅದನ್ನು ನೋಡಿದ ಮೇಲೆ ಅಮರಪ್ಪ ಸುಮ್ಮನಿರಲಿಲ್ಲ. ಕೇರಿಯ ಹುಡುಗರನ್ನು ಕೂಡಿಸಿದ, ರಾತ್ರಿ ಶಾಲೆ ಹಚ್ಚಿದ, ನಮ್ಮ ಕೈಗೆ ಪುಸ್ತಕ ಬೇಕು, ಕೋಲು ಬೇಡ ಎಂದು ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡ.

ಕಾಲುವೆಗೆ ಮೊದಲ ಸಲ ನೀರು ಬಂದ ವರ್ಷ ಅದು. ಸಾಹೇಬರು ಬಂದು ತೆಂಗಿನಕಾಯಿ ಒಡೆದು ಹೋದ ಮರುದಿನ ಕೇರಿಯ ಮಂದಿ ಹಲಗೆಗಳನ್ನು ತಲೆಯ ಮೇಲೆ ಹೊತ್ತು ಸೇತುವೆಗೆ ನಡೆದರು. ಇನ್ನು ಯಾರ ಹೆಣಕ್ಕೂ ಬಾರಿಸುವುದಿಲ್ಲ ಎಂದು ಒಬ್ಬೊಬ್ಬರಾಗಿ ನೀರಿಗೆ ಬಿಟ್ಟರು. ಹಲಗೆ ಮುಳುಗಲಿಲ್ಲ, ಅವನು ಮುಳುಗುತ್ತವೆ ಎಂದುಕೊಂಡಿದ್ದ. ಹಳದಿ ನೀರಿನ ಮೇಲೆ ಒಂದರ ಹಿಂದೆ ಒಂದು ತೇಲಿಕೊಂಡು ಹೋದವು. ಅಪ್ಪ ತನ್ನದನ್ನು ಮಗನ ಕೈಗೆ ಕೊಟ್ಟು, ನೀನೇ ಬಿಡು ಎಂದ. ಅವನು ಬಿಟ್ಟ. ಅದು ಅವನ ಬದುಕಿನ ಅತ್ಯಂತ ದೊಡ್ಡ ದಿನ. ಈಗಲೂ, ಬೆರಳುಗಳು ಬಸ್ಸಿನ ಕಂಬಿಯ ಮೇಲೆ ಆಡುತ್ತಿರುವ ಈಗಲೂ, ಅದು ತಪ್ಪಾಯಿತೆಂದು ಯಾರಾದರೂ ಹೇಳಿದರೆ ಅವನು ಜಗಳಕ್ಕೆ ನಿಲ್ಲುತ್ತಾನೆ. ಅಂಬ್ರಪ್ಪ ಸಣ್ಣಪ್ಪ ಒಬ್ಬನೇ ಕೊಡಲಿಲ್ಲ. ಬಾರಿಸುವುದಿಲ್ಲ, ಆದರೆ ಕೊಡುವುದೂ ಇಲ್ಲ, ಎಂದ. ಅಂದಂತೆ ನಡೆದುಕೊಂಡ. ಅವನ ಮನೆಯ ಗೋಡೆಗೆ ಹಲಗೆ ತೂಗಾಡಿತೇ ಹೊರತು ಆಮೇಲೆ ಒಂದು ಪೆಟ್ಟೂ ಅದರ ಮೇಲೆ ಬೀಳಲಿಲ್ಲ. ಅಪ್ಪನನ್ನು ಮಣ್ಣು ಮಾಡಿದ ದಿನ, ಬುದ್ಧವಂದನೆ ಹೇಳಿ ಸದ್ದಿಲ್ಲದೆ ಮುಗಿಸಿ ಬಂದ ಮೇಲೆ, ಅಂಬ್ರಪ್ಪ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿ, “ಊರ ಹೆಣಕ್ಕೆಲ್ಲ ನಾವ ಮುಂದ ನಡದೇವಿ. ನಮ್ಮ ಹೆಣದ ಮುಂದ ಯಾರೂ ಇಲ್ಲ. ನನಗರ ನೀ ಬಾರ್ಸೋ ಅಮರಾ,” ಎಂದಿದ್ದ. ನೀ ಎಲ್ಲಿ ಸಾಯ್ತಿ ಸಣ್ಣಪ್ಪಾ, ಎಂದು ಅಮರಪ್ಪ ನಕ್ಕು ಮಾತು ಹಾರಿಸಿದ.

ಯಾದಗಿರಿಯ ಡಾಕ್ಟರು ನಿಜಕ್ಕೂ ಡಾಕ್ಟರಲ್ಲ. ಔಷಧ ಬರೆಯುವ ಡಾಕ್ಟರಮ್ಮ ಕೆಳಗಿನ ಕೋಣೆಯಲ್ಲಿ; ಮೇಲಿನ ಕೋಣೆಯಲ್ಲಿ ಜಲಾಲುದ್ದೀನ, ಕಲಬುರ್ಗಿಯಲ್ಲಿ ಕಲಿತು ಬಂದ ಮೆದು ಮಾತಿನ ಯುವಕ, ಮಂದಿಯ ಜೊತೆ ಮಾತಾಡುವುದೇ ಅವನ ಕೆಲಸ. ಮೊದಲ ಸಲ ಹೋದಾಗ ಅವನು ಅಮರಪ್ಪನಿಗೆ ಹೇಳಿಕೊಟ್ಟದ್ದು, ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ‘ನಾನು ಯಾರಿಗಿಂತಲೂ ಕಮ್ಮಿ ಇಲ್ಲ’ ಎಂದು ಹೇಳಬೇಕು ಎಂದು. ಅಮರಪ್ಪನಿಗೆ ಒಳಗೊಳಗೇ ನಗು. ಈ ಮಾತನ್ನು ನಾನು ಎಷ್ಟು ಕೇರಿಗಳಲ್ಲಿ ಎಷ್ಟು ಮಂದಿಯಿಂದ ಹೇಳಿಸಿದ್ದೇನೆ ನಿನಗೇನು ಗೊತ್ತಪ್ಪ. ಮೀನಿನ ಮರಿಗೆ ಈಜು ಕಲಿಸಲು ಬಂದಂತಾಯಿತು. ಆದರೂ ಮನೆಗೆ ಬಂದು ಗುಟ್ಟಾಗಿ ಕನ್ನಡಿ ಮುಂದೆ ನಿಂತು ಹೇಳಿ ನೋಡಿದ. ಕನ್ನಡಿಯಲ್ಲಿದ್ದವನು ಕಚೇರಿಯಲ್ಲಿ ನಕ್ಕ ಹಾಗೇ ನಕ್ಕು, ಹೌದ್ರಿ ಹೌದ್ರಿ ಎಂದಂತೆ ಕಂಡಿತು. ಆ ನಗುವನ್ನು ಅವನು ಆ ಗುತ್ತಿಗೆದಾರನಿಗಿಂತ ಹೆಚ್ಚಾಗಿ ದ್ವೇಷಿಸುತ್ತಿದ್ದ.

ಇವತ್ತು ಚಾಪೆ ಹಾಸಿ ಏಳೆಂಟು ಮಂದಿಯನ್ನು ಸುತ್ತಲೂ ಕೂಡಿಸಿದ್ದರು. ಸಂಗೀತದ ದಿನ ಎಂದ ಜಲಾಲುದ್ದೀನ. ಮೊದಲು ಕೊಳಲು ಕೇಳಿಸಿದ, ಕಣ್ಣು ಮುಚ್ಚಿ ಎಂದ. ಅಮರಪ್ಪನ ಪಕ್ಕ ಹಣಮಂತಮ್ಮ ಎಂಬ ಹೆಂಗಸು ಕೂತಿದ್ದಳು, ಗುರುಮಠಕಲ್ ಕಡೆಯವಳು, ಮಗಳನ್ನು ಕಳೆದುಕೊಂಡ ಮೇಲೆ ಉಣ್ಣುವುದನ್ನೇ ಬಿಟ್ಟವಳು. ಕೊಳಲು ಶುರುವಾದ ಕೂಡಲೇ ಅವಳಿಗೆ ನಿದ್ದೆ ಹತ್ತಿತು. ಎಲ್ಲರಿಗೂ ಏನೋ ಒಂದು ಸಮಾಧಾನ ಇಳಿಯುತ್ತಿತ್ತು, ಅವನಿಗೆ ಮಾತ್ರ ಕೊಳಲಿನ ಹಿಂದೆ, ಗೋಡೆಯಾಚೆ ಯಾರೋ ಕಾಸಿದ ಚರ್ಮದ ಮೇಲೆ ಕೋಲು ಎಳೆದಂತೆ ಕೇಳುತ್ತಿತ್ತು. ತೊಡೆಯ ಕೆಳಗಿನ ಕೈ ಹೊರಗೆ ಬಂದು ಚಾಪೆಯ ಮೇಲೆ ಆಡತೊಡಗಿತು. ಜಲಾಲುದ್ದೀನ ಕೊಳಲು ನಿಲ್ಲಿಸಿದ. “ತಡೀಬ್ಯಾಡ್ರಿ ಸರ್. ನಿಮ್ಮ ಬೆರಳು ಏನೋ ಹೇಳಾಕತ್ಯಾವ. ಬಿಟ್ಟುಬಿಡ್ರಿ. ಎಲ್ಲಾರೂ ಸರ್ ಜೋಡಿ ಚಪ್ಪಾಳಿ ಹಾಕ್ರಿ.” ಚಪ್ಪಾಳೆ ಶುರುವಾಯಿತು. ಎರಡು ಉದ್ದ, ಮೂರು ಗಿಡ್ಡ. ಬೇಗ ಕಲಿತರು. ಯಾರೋ ತಲೆ ಕುಣಿಸಿದರು, ಇನ್ನಾರೋ ಹುಮ್ಮಸ್ಸಿನಿಂದ ತೊಡೆ ತಟ್ಟಿದರು. ಹಣಮಂತಮ್ಮ ಎಚ್ಚತ್ತು, ಏನು ಎತ್ತ ತಿಳಿಯದೆ, ಎಷ್ಟೋ ದಿನದ ಮೇಲೆ ಎಂಬಂತೆ ಹಲ್ಲು ಬಿಟ್ಟು ನಕ್ಕು ತಾನೂ ಚಪ್ಪಾಳೆ ಹಾಕಿದಳು. ಮಗಳ ಹೆಣದ ಮುಂದಿನ ಬಡಿತಕ್ಕೆ ತಾಯಿ ಚಪ್ಪಾಳೆ ತಟ್ಟುತ್ತಿದ್ದಾಳೆ ಎಂದು ಅಮರಪ್ಪನಿಗೆ ಹೊಳೆಯಿತು. ಹೇಳಿಬಿಡಲೇ ಎನ್ನಿಸಿತು. ಹೇಳಿದರೆ ಆ ನಗು ಹೋಗುತ್ತದೆ, ಮತ್ತು ತಾನು ಯಾರೆಂಬುದೂ ಗೊತ್ತಾಗುತ್ತದೆ. ಎರಡರಲ್ಲಿ ಯಾವುದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡೆ ಎಂಬುದನ್ನು ಅವನು ಕೊನೆಗೂ ತೀರ್ಮಾನಿಸಲಿಲ್ಲ.

ಕಿಸೆಯಲ್ಲಿ ಫೋನು ನಡುಗಿದ್ದೇ ನೆವವಾಗಿ ಎದ್ದು ಹೊರಗೆ ಬಂದ. ಊರಿನಿಂದ ನಾಗಸೇನ. ರಾತ್ರಿ ಶಾಲೆಯಲ್ಲಿ ಅಮರಪ್ಪನ ಕೈಯಲ್ಲಿ ಅಕ್ಷರ ಕಲಿತವರೊಬ್ಬರ ಮಗ, ಈಗ ಕೇರಿಯ ಸಂಘಕ್ಕೆ ಅವನೇ ಮುಖಂಡ.

“ಅಣ್ಣಾ, ಜೈಭೀಮ. ಅಂಬ್ರಪ್ಪ ಮುತ್ಯಾ ಹೋದ. ಮುಂಜಾನೆ.”

ಅಮರಪ್ಪ ಮೆಟ್ಟಿಲ ಮೇಲೆ ಕೂತ.

“ಹೊತ್ತು ಮುಳುಗಾದ್ರೊಳಗ ಮಣ್ಣು ಮಾಡಬೇಕು. ಆದ್ರ ತಿಮ್ಮವ್ವ ಆಯಿ ಹಲಗಿ ಇಲ್ದ ಹೆಣ ಎತ್ತಗೊಡಂಗಿಲ್ಲ ಅಂತ ಬಾಗಲಾಗ ಕುಂತಾಳ. ಯಾರ ಮಾತೂ ಕೇಳವಲ್ಲಳು. ನೀ ಬಂದು ತಿಳಿಸಿ ಹೇಳಬೇಕಣ್ಣಾ. ನೀ ಹೇಳಿದ್ರ ಕೇಳ್ತಾಳ.”

ಬರುತ್ತೇನೆ ಎಂದ. ಒಳಗೆ ಚಪ್ಪಾಳೆ ಅವನಿಲ್ಲದೆಯೂ ನಡೆದಿತ್ತು.

ಸುರಪುರದ ಬಸ್ಸಿನಲ್ಲಿ ನಿಂತುಕೊಂಡೇ ಹೋದ. ಏನು ಹೇಳಬೇಕೆಂದು ಮಾತು ಜೋಡಿಸಿಕೊಳ್ಳುತ್ತಿದ್ದ: ಸಣ್ಣವ್ವಾ, ಇಷ್ಟು ವರ್ಷದ ಹೋರಾಟ ಒಂದು ದಿನಕ್ಕೆ ನೀರಿಗೆ ಹೋಗಬಾರದು. ನೀರಿಗೆ ಹೋಗುವುದು ಎಂಬ ಮಾತು ಬಾಯಿಗೆ ಬಂದದ್ದೇ ನಾಲಿಗೆ ಕಚ್ಚಿಕೊಂಡ. ಎರಡೂ ಕಡೆ ಭತ್ತದ ಗದ್ದೆ ಹಸಿರು ಹೊದ್ದಿತ್ತು. ಜೋಳ ಬೆಳೆಯುತ್ತಿದ್ದ ನೆಲ ಇದು, ಬಿರುಕು ಬಿಟ್ಟು ಬಾಯಿ ತೆರೆಯುತ್ತಿದ್ದ ಕರಿನೆಲ. ಕಾಲುವೆ ಬಂದು ಅದರ ಬಾಯಿ ಮುಚ್ಚಿಸಿತ್ತು. ಊರಿನಲ್ಲಿ ಇಳಿದಾಗ ಬೆರಳುಗಳು ಎಷ್ಟು ಜೋರಾಗಿ ಆಡುತ್ತಿದ್ದವೆಂದರೆ ಕೈಯನ್ನು ಪ್ಯಾಂಟಿನ ಕಿಸೆಯಲ್ಲಿ ಮುಷ್ಟಿ ಮಾಡಿಟ್ಟುಕೊಂಡು ಕೇರಿಗೆ ನಡೆದ.

ಅಂಬ್ರಪ್ಪನನ್ನು ಒಳಗೆ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹೊಸ ಬಿಳಿ ಅಂಗಿ, ತಲೆಗೆ ನೀಲಿ ರುಮಾಲು. ಬಾಗಿಲಲ್ಲಿ ಹೊಸ್ತಿಲಿಗೆ ಅಡ್ಡವಾಗಿ ಅವನ ಹೆಂಡತಿ ತಿಮ್ಮವ್ವ ಕೂತಿದ್ದಳು. ಅವಳು ಅಳುತ್ತಿರಲಿಲ್ಲ. ಅಮರಪ್ಪನನ್ನು ಕೆಳಗಿನಿಂದ ಮೇಲಿನ ತನಕ ನೋಡಿದಳು.

“ಹೇಳಾಕ ಬಂದಿಯೋ, ಬಾರಸಾಕ ಬಂದಿಯೋ?”

ಅಮರಪ್ಪ ಅವಳ ಕಡೆ ಬಾಗಿದ. “ಸಣ್ಣವ್ವಾ…” ಎಂದ.

“ನಿಮ್ಮಪ್ಪನ್ನ ಒಯ್ದ್ರಿ, ಕಳವಿನ ಸಾಮಾನು ಒಯ್ದಂಗ. ಸದ್ದಿಲ್ಲ, ಸುದ್ದಿಲ್ಲ. ಈ ಮನುಷ್ಯಾಗ ಆವತ್ತ ರಾತ್ರಿ ನಿದ್ದಿ ಇಲ್ಲ. ನನಗೂ ಹಿಂಗ ಒಯ್ತಾರೇನ ಅಂತ ಕೇಳಿದ. ಒಯ್ಯಗೊಡಂಗಿಲ್ಲ ಅಂದೀನಿ. ನನ್ನ ಮಾತು ಅದ ಅದು. ನಿಮ್ಮ ಸಂಘದ ಮಾತು ನಿಮಗ ಎಷ್ಟು ದೊಡ್ಡದೋ ನನ್ನದು ನನಗ ಅಷ್ಟ.”

ನಾಗಸೇನ ಅವನನ್ನು ಪಕ್ಕಕ್ಕೆ ಕರೆದ. ಅವನ ಕಣ್ಣುಗಳೂ ಕೆಂಪಾಗಿದ್ದವು, ಬೆಳಗಿನಿಂದ ಓಡಾಡಿದ ಧೂಳು ಮುಖದ ಮೇಲಿತ್ತು. “ಅಣ್ಣಾ, ನೀನಾ ಬಿಡಸಿದ್ದು. ಇವತ್ತ ನೀನಾ ಹಿಡದ್ರ ನಾಳೆ ಊರಾಗ ಯಾರರ ಸತ್ತರ ನಮಗ ಹೇಳಿ ಕಳಸ್ತಾರ. ನಾವು ಏನಂತ ಉತ್ತರ ಕೊಡಬೇಕು?” ಹುಡುಗ ಹೇಳುವುದರಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ತನ್ನದೇ ಮಾತು ಇಪ್ಪತ್ತೈದು ವರ್ಷದ ಮೈ ತೊಟ್ಟು ತನ್ನ ಎದುರು ನಿಂತಿತ್ತು. ಬಾರಿಸಿದರೆ ಅವನಿಗೆ ದ್ರೋಹ, ಬಾರಿಸದಿದ್ದರೆ ಗೋಡೆಗೊರಗಿ ಕೂತವನಿಗೆ. ಅತ್ತ ದರಿ, ಇತ್ತ ಪುಲಿ. ಕಿಸೆಯೊಳಗಿನ ಕೈ ಮಾತ್ರ ಯಾರನ್ನೂ ಕೇಳದೆ ತನ್ನ ಕೆಲಸ ಮಾಡುತ್ತಿತ್ತು, ಹೀಗೆ ಕಳ್ಳತನದಿಂದ ಎಷ್ಟು ದಿನ ಎಂದು ಅಮರಪ್ಪನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಆಗ ಬೇವಿನ ಮರದ ಕಡೆಯಿಂದ ಕೆಮ್ಮು ಕೇಳಿತು. ಬಸವಂತರಾಯ ಗೌಡ. ಸಾವಿಗೆ ಮುಖ ತೋರಿಸಿ ಹೋಗಲು ಬಂದವನು ಕೇರಿಯ ಅಂಚಿನಲ್ಲಿ, ನೆರಳಿನಲ್ಲಿ ನಿಂತಿದ್ದ, ಮನೆಯವರೆಗೆ ಬಂದಿರಲಿಲ್ಲ. ಹಿತ್ತಲ ಬಾಗಿಲಲ್ಲಿ ಅನ್ನ ಬಿದ್ದ ಆ ಮನೆಯ ಹಿರಿಮಗ. ಈಗ ಅವನಿಗೂ ತಲೆ ನರೆತಿತ್ತು.

“ಅಮರಪ್ಪ, ಹಲಗಿ ಇಲ್ದ ಕಳಸಬ್ಯಾಡ್ರಪ್ಪ ಅವಗ. ನಮ್ಮಪ್ಪ ಹೋದಾಗ ಅಂಬ್ರಪ್ಪ ಬಾರಿಸಿದ್ದು ಇನ್ನಾ ನನ್ನ ಕಿವ್ಯಾಗ ಅದ. ನಿನಗೂ ಕೈ ಬಂದದಂತಲ್ಲ, ನೀನಾ ಬಾರ್ಸು,” ಎಂದ. ದನಿಯಲ್ಲಿ ನಿಜವಾದ ನೋವಿತ್ತು. ಅದಕ್ಕೇ ಅಮರಪ್ಪನಿಗೆ ಮೈಯೆಲ್ಲ ಉರಿಯಿತು. ಕೆಟ್ಟ ಮನುಷ್ಯ ಅಂದಿದ್ದರೆ ಸಹಿಸುವುದು ಸುಲಭವಿತ್ತು. ನಾಗಸೇನ, ನೋಡಿದೆಯಾ ಎಂಬಂತೆ ಇವನ ಕಡೆ ನೋಡಿದ. ಕೇರಿಯೆಲ್ಲ ನೋಡುತ್ತಿತ್ತು. ಕಚೇರಿಯ ಆ ನಗು, ಹೌದ್ರಿ ಹೌದ್ರಿ ಎಂಬ ನಗು, ತುಟಿಯ ತನಕ ಬಂದದ್ದು ಅಮರಪ್ಪನಿಗೆ ತಿಳಿಯಿತು. ಬಂದದ್ದನ್ನು ನುಂಗಿದ. ಕಿಸೆಯಿಂದ ಕೈ ಹೊರಗೆ ತೆಗೆದ. ಅದು ಎಲ್ಲರೆದುರಿಗೆ ಆಡುತ್ತಿತ್ತು, ಆಡಲಿ ಎಂದು ಬಿಟ್ಟ.

“ಬಾರಸ್ತೀನ್ರಿ ಗೌಡ್ರ,” ಎಂದ. “ನೀವು ಹಿಂದ ನಡೀರಿ.”

ಬಸವಂತರಾಯನಿಗೆ ಅರ್ಥವಾಗಲಿಲ್ಲ.

“ನಿಮ್ಮ ಮನ್ಯಾಗ ಯಾರು ಹೋದ್ರೂ ನಮ್ಮ ಸಣ್ಣಪ್ಪ ಮುಂದ ನಡದಾನ, ಮಣ್ಣು ಕೊಡೋ ತನಕ ನಿಂತಾನ. ಇವತ್ತ ಹಲಗಿ ಮುಂದ, ಹೆಣ ನಡುವ, ನೀವು ಹೆಣದ ಹಿಂದ. ಎಲ್ಲಾರ ಜೋಡಿ.”

ಗೌಡ ತನ್ನ ಚಪ್ಪಲಿ ನೋಡಿಕೊಂಡ. “ನನಗ ಮೊಣಕಾಲು ಬ್ಯಾನಿ ಅದಪಾ,” ಎಂದ ಸಣ್ಣ ದನಿಯಲ್ಲಿ. “ನೀವು ಮೆಲ್ಲಕ ನಡೀರಿ, ನಾವೂ ಮೆಲ್ಲಕ ನಡೀತೀವಿ,” ಎಂದ ಅಮರಪ್ಪ. ನಾಗಸೇನ ಒಳಗೆ ಹೋಗಿ, ಹೊಸ್ತಿಲಲ್ಲಿ ತಿಮ್ಮವ್ವನನ್ನು ದಾಟಿ, ಗೋಡೆಯ ಹಲಗೆ ಇಳಿಸಿಕೊಂಡು ಬಂದ. ತಂದು ಕೈಗೆ ಕೊಡುವಾಗ, “ಇದು ಇವತ್ತಿಗಷ್ಟ,” ಎಂದ. ತಿಮ್ಮವ್ವ ಎದ್ದು ಬಾಗಿಲು ಬಿಟ್ಟಳು, ಆಗ ಅತ್ತಳು.

ಹಲಗೆಯ ಚರ್ಮ ಸಡಿಲಾಗಿ ಜೋತು ಬಿದ್ದಿತ್ತು, ಇಲಿ ಒಂದು ಅಂಚು ಕಡಿದಿತ್ತು. ಒಣಗಿದ ಸೊಪ್ಪೆಯ ದಂಟಿಗೆ ಬೆಂಕಿ ಹಚ್ಚಿ ಕಾಸಿದರು. ತಿರುಗಿಸಿ ತಿರುಗಿಸಿ ಹಿಡಿದು, ಅಂಗೈಯಿಂದ ತಟ್ಟಿ ನೋಡಿ, ಇನ್ನೂ ಸ್ವಲ್ಪ ಎನ್ನುತ್ತ, ಇದನ್ನು ಮಾಡುವುದು ಹೇಗೆಂದು ತನ್ನ ಕೈಗೆ ಗೊತ್ತಿದೆ ಎಂಬುದನ್ನು ಅಮರಪ್ಪ ನೋಡುತ್ತಿದ್ದ. ಚರ್ಮ ಬಿಗಿಯಿತು. ಕೋಲು ಹಿಡಿದ. ಮೊದಲ ಪೆಟ್ಟು ಬಿದ್ದಾಗ ಎದೆಯೊಳಗೆ ಏನೋ ಕಳಚಿ ಕೆಳಗೆ ಬಿತ್ತು. ಎರಡು ಉದ್ದ, ಮೂರು ಗಿಡ್ಡ, ಒಂದು ಖಾಲಿ ಜಾಗ. ಮಂಚದ ಪಟ್ಟಿಯಲ್ಲ, ಟೇಬಲ್ಲಿನ ಗಾಜಲ್ಲ, ಹೆಂಡತಿಯ ಬೆನ್ನಲ್ಲ. ಬಡಿತ ಎಲ್ಲಿ ಇರಬೇಕೋ ಅಲ್ಲಿ ಇತ್ತು. ಹೆಣ ಎದ್ದಿತು. ಅವನು ಮುಂದೆ ನಡೆದ. ಅಪ್ಪ ಸತ್ತ ಮೇಲೆ ಮೊದಲ ಸಲ ತಲೆಯ ಒಳಗೆ ಸದ್ದಿರಲಿಲ್ಲ, ಸದ್ದೆಲ್ಲ ಹೊರಗಿತ್ತು. ಸುಖ ಎಂದರೆ ಇದೇ ಎನ್ನಿಸಿತು, ಹೆಣದ ಮುಂದೆ ನಡೆಯುತ್ತ ಸುಖಪಡುವುದಕ್ಕೆ ನಾಚಿಕೆಯಾಯಿತು, ನಾಚಿಕೆಯ ಜೊತೆಗೂ ಸುಖ ಇದ್ದೇ ಇತ್ತು. ಊರ ಮುಂದಿನ ದಾರಿಗೆ ಬಂದಾಗ ಓರೆಗಣ್ಣಲ್ಲಿ ನೋಡಿದ. ಬಸವಂತರಾಯ ಬರುತ್ತಿದ್ದ. ಹೆಣದ ಹಿಂದೆ ಅಲ್ಲ. ರಸ್ತೆಯ ಆ ಬದಿಗೆ, ತನ್ನ ಹೊಲ ನೋಡಲು ಹೊರಟವನ ಹಾಗೆ, ಬದುವಿನ ಗುಂಟ, ಇವರ ಹೆಜ್ಜೆಗೆ ತನ್ನ ಹೆಜ್ಜೆ ಕೂಡಿಸದೆ, ತಪ್ಪಿಸಿಕೊಳ್ಳದೆಯೂ. ಬಂದನೆಂದು ಹೇಳುವಂತಿಲ್ಲ, ಬರಲಿಲ್ಲ ಎನ್ನುವಂತೆಯೂ ಇಲ್ಲ. ಕಾಲುವೆಯ ಸೇತುವೆ ಬಂದಾಗ ಅವನು ನಿಂತ, ಮತ್ತೆ ಮುಂದೆ ಬರಲಿಲ್ಲ. ಅಮರಪ್ಪ ಬಾರಿಸುತ್ತ ಸೇತುವೆ ದಾಟಿದ.

ದಾಟಿದ ಮೇಲೆ ಮೂರು ಮಾರು ನಡೆದಿರಬೇಕು, ಕಾಲಿಗೆ ಒಂಥರಾ ಹೊಸತು ಅನ್ನಿಸಿತು. ಕಾಲುವೆ ತೋಡುವ ಮೊದಲು ಇಲ್ಲಿ ಹಳ್ಳ ಇತ್ತು. ಸಣ್ಣವನಿದ್ದಾಗ ಅಪ್ಪನ ಜೊತೆ ಸಣ್ಣ ಹಲಗೆ ಹಿಡಿದು ಎಷ್ಟೋ ಹೆಣದ ಮುಂದೆ ಬಾರಿಸುತ್ತ ಈ ಹಳ್ಳದ ದಂಡೆಗೆ ಬಂದಿದ್ದಾನೆ. ಇಲ್ಲಿಗೆ ಬಂದ ಕೂಡಲೇ ಅಪ್ಪ ಬಾರಿಸುವುದನ್ನು ಬಿಡದೆಯೇ ಗದ್ದದಿಂದ ಸನ್ನೆ ಮಾಡುತ್ತಿದ್ದ. ಹುಡುಗರು ಹಳ್ಳ ದಾಟಬಾರದು, ಅದು ನೇಮ. ಮೀಸೆ ಬಂದ ಮೇಲೆ ಬರುವಿಯಂತೆ, ಎನ್ನುತ್ತಿದ್ದ. ಮೀಸೆ ಬಂದಾಗ ಅವನು ಹಾಸ್ಟೆಲಿನಲ್ಲಿದ್ದ. ಹಾಸ್ಟೆಲಿನಿಂದ ಬಂದವನು ಹಲಗೆಗಳನ್ನು ನೀರಿಗೆ ಬಿಡಿಸಿದ. ಆಮೇಲೆ ಇತ್ತ ಬಂದದ್ದೆಲ್ಲ ಸದ್ದಿಲ್ಲದ ಮಣ್ಣುಗಳಿಗೆ. ಕೋಲು ಹಿಡಿದು ಅವನು ಹಳ್ಳ ದಾಟಿದ್ದು ಇದೇ ಮೊದಲು.

ಕುಣಿ ತಯಾರಿತ್ತು. ಹೆಣ ಇಳಿಸಿದರು. ನಾಗಸೇನ ವಂದನೆ ಹೇಳಿದ, ಎಲ್ಲರೂ ಹೇಳಿದರು, ವಂದನೆಯ ಕೆಳಗೆ ಮೆಲ್ಲಗೆ ಬಡಿತ ನಡೆದೇ ಇತ್ತು. ವಂದನೆ ಮುಗಿಯಿತು. ಮಂದಿ ಹಿಡಿಮಣ್ಣು ತೆಗೆದುಕೊಂಡು ನಿಂತರು. ಹಲಗೆ ನಿಲ್ಲುವ ತನಕ ಮಣ್ಣು ಹಾಕಬಾರದು, ಅಷ್ಟು ಎಲ್ಲರಿಗೂ ಕೇಳಿ ಗೊತ್ತಿತ್ತು. ಬಡಿತ ಒಂದು ಕಡೆ ತಿರುವಿಕೊಂಡು, ಬೇರೆಯಾಗಿ, ಮುಗಿಯುತ್ತದೆ. ಆ ಮುಗಿಯುವ ಪೆಟ್ಟು ಬಿದ್ದ ಮೇಲೆಯೇ ಸತ್ತವನು ಸತ್ತ ಹಾಗೆ. ಅಮರಪ್ಪ ಖಾಲಿ ಜಾಗಕ್ಕೆ ಬಂದ. ಇಲ್ಲಿ ತಿರುಗಬೇಕು ಎಂದುಕೊಂಡ. ಕೈ ತಿರುಗಲಿಲ್ಲ, ಮತ್ತೆ ಎರಡು ಉದ್ದಕ್ಕೆ ಹೋಯಿತು. ಇನ್ನೊಂದು ಸುತ್ತು, ಮತ್ತೆ ಖಾಲಿ ಜಾಗ. ಅಲ್ಲಿಂದ ಆಚೆಗೆ ಏನೂ ಇರಲಿಲ್ಲ. ಆಚೆಗಿನದು ಅವನಿಗೆ ಯಾರೂ ಕಲಿಸಿರಲಿಲ್ಲ. ಹಳ್ಳದ ಊರ ಕಡೆಯ ದಂಡೆಯ ತನಕದ ಬಡಿತವನ್ನಷ್ಟೇ ಕಲಿತು, ಅದನ್ನೇ ಪೂರ್ತಿ ಎಂದುಕೊಂಡು, ಅದನ್ನೇ ಬೆರಳಿನಲ್ಲಿ ಹೊತ್ತು ಅವನು ಇಷ್ಟು ವರ್ಷ ಬದುಕಿದ್ದ. ಟೇಬಲ್ಲಿನ ಮೇಲೆ, ಕಂಬಿಯ ಮೇಲೆ, ಕರೆಮ್ಮನ ಬೆನ್ನ ಮೇಲೆ ಅದು ಯಾಕೆ ನಿಲ್ಲುತ್ತಿರಲಿಲ್ಲ ಎಂದು ಈಗ ತಿಳಿಯಿತು. ಮಂಚದ ಮೇಲೆ ಅಪ್ಪನ ಬೆರಳು ಎತ್ತ ಹೊರಟಿದ್ದವು, ಯಾವ ಪೆಟ್ಟಿನ ಹತ್ತಿರ ಹತ್ತಿರ ಬಂದಿದ್ದವು, ತಾನು ಒತ್ತಿ ಹಿಡಿದಾಗ ಏನು ಬಾಕಿ ಉಳಿದಿತ್ತು ಎಂದು ಕೇಳಿಕೊಂಡ. ಕೈ ನಿಲ್ಲಲಿಲ್ಲ.

ಸುತ್ತ ನಿಂತವರ ಮುಖ ನೋಡಿದ. ಒಬ್ಬೊಬ್ಬರನ್ನೇ ನೋಡಿದ. ರಾತ್ರಿ ಶಾಲೆಯವರು, ಅವರ ಮಕ್ಕಳು, ನೌಕರಿಗೆ ಹೋದವರು, ಕಡೇಚೂರಿನ ಕಾರ್ಖಾನೆಯಿಂದ ರಜೆ ಹಾಕಿ ಬಂದವರು. ಯಾರ ಮುಖದಲ್ಲೂ ಆ ಪೆಟ್ಟು ಇರಲಿಲ್ಲ. ಗೊತ್ತಿದ್ದವರೆಲ್ಲ ಸುತ್ತಮುತ್ತ ದಿಬ್ಬಗಳ ಕೆಳಗೆ ಮಲಗಿದ್ದರು, ಕೊನೆಯವನು ಎದುರಿನ ಕುಣಿಯಲ್ಲಿ ನೀಲಿ ರುಮಾಲು ಸುತ್ತಿಕೊಂಡು ಕಾಯುತ್ತಿದ್ದ.

ನಾಗಸೇನ ಹತ್ತಿರ ಬಂದು ಕಿವಿಯಲ್ಲಿ, “ಸಾಕಣ್ಣಾ, ನಿಲ್ಲಸು. ಮಣ್ಣು ಕೊಡೋಣು,” ಎಂದ.

“ನಿಲ್ಲಸಾಕ ಬರವಲ್ದೋ,” ಎಂದ ಅಮರಪ್ಪ. ಅವನ ಮುಖದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. “ಹ್ಯಾಂಗ ಮುಗಸಬೇಕೋ ನನಗ ಗೊತ್ತಿಲ್ಲ. ನಮಗ ಯಾರಿಗೂ ಗೊತ್ತಿಲ್ಲ.”

ನಾಗಸೇನನಿಗೆ ಮೊದಲು ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಅವನು ಕೋಲು ಕಸಿದುಕೊಳ್ಳಲು ಕೈ ಚಾಚಿದ. ಅರ್ಧಕ್ಕೆ ಬಂದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಬಾಗಿ ಒಂದು ಹಿಡಿ ಮಣ್ಣು ಎತ್ತಿಕೊಂಡು ಅಮರಪ್ಪನ ಪಕ್ಕ ಬಂದು ನಿಂತ.

“ಬಾರ್ಸು ಹಂಗಾರ,” ಎಂದ. “ನಾವು ನಿಂದ್ರತೀವಿ.”

ಯಾರೂ ಮಣ್ಣು ಹಾಕಲಿಲ್ಲ, ಯಾರೂ ಮನೆಯ ಕಡೆ ತಿರುಗಲಿಲ್ಲ. ಮುಷ್ಟಿಯಲ್ಲಿ ಮಣ್ಣು ಬೆಚ್ಚಗಾಗುತ್ತಿತ್ತು. ಅಮರಪ್ಪ ಬಾರಿಸುತ್ತಿದ್ದ.